ಕೋವಿಗೆ ಯಾವ ಮೇಣ? ಮರ ಮತ್ತು ಉಕ್ಕು ಕೂಡುವ ಗೆರೆ ನೋಡಿ ಆರಿಸಿ

ಕೋವಿಗಳ ಮರದ ಕೆಲಸ ನನ್ನದು. ಬಿರುಕು ಬಿಟ್ಟ ಸ್ಟಾಕ್ (ಕೋವಿಯ ಮರದ ಭಾಗ) ಅಂಟಿಸುವುದು, ಸವೆದುಹೋದ ಚೆಕರಿಂಗ್ (ಕೈ ಜಾರದಿರಲೆಂದು ಮರದಲ್ಲಿ ಕೊರೆದ ಅಡ್ಡಗೆರೆಗಳು) ಮತ್ತೆ ಕೊರೆಯುವುದು, ಎಣ್ಣೆ ಕುಡಿದು ಕಪ್ಪಾದ ವಾಲ್‌ನಟ್ ಮರದಿಂದ ಆ ಎಣ್ಣೆಯನ್ನು ಹೊರಗೆ ಎಳೆಯುವುದು, ಹೀಗೆ. ಕೋವಿ ವಾಪಸ್ ಕೊಡುವಾಗ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಇನ್ಮೇಲೆ ಇದಕ್ಕೆ ಏನು ಹಚ್ಚಲಿ?" ಮರಕ್ಕೊಂದು ಡಬ್ಬಿ, ಲೋಹಕ್ಕೊಂದು ಡಬ್ಬಿ ಹೇಳಿ ಅಂತ ಕೇಳುವವರೇ ಜಾಸ್ತಿ. ನಾನು ಒಂದೇ ಡಬ್ಬಿ ಸಾಕು ಅನ್ನುತ್ತೇನೆ. ಆದರೆ ಅದು ಸರಿಯಾದ ಡಬ್ಬಿ ಆಗಿರಬೇಕು.

ಯಾಕೆ ಒಂದೇ ಅನ್ನುತ್ತೇನೆ ಅಂದರೆ, ಕೋವಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಮರ ಮತ್ತು ಲೋಹ ಕೂಡುವ ಗೆರೆಯನ್ನು. ಸ್ಕ್ರೂ ಸಡಿಲಿಸಿ ನಳಿಗೆಯನ್ನು ಮರದಿಂದ ಎತ್ತಿ ನೋಡಿ. ಮೇಲೆ ಕಾಣುವ ಭಾಗ ಮಿರಿಮಿರಿ ಅನ್ನುತ್ತಿರುತ್ತದೆ. ಮರದ ಅಂಚಿನ ಕೆಳಗೆ, ಹೊರಗಿನಿಂದ ಕಾಣದ ಜಾಗದಲ್ಲಿ, ಕಂದು ಬಣ್ಣದ ತುಕ್ಕಿನ ಗೆರೆ ಉದ್ದಕ್ಕೂ ಓಡಿರುತ್ತದೆ. ಎದುರಿನ ಮರದಲ್ಲಿ ಅದೇ ಜಾಗಕ್ಕೆ ಶಾಯಿ ಬಿದ್ದ ಹಾಗೆ ಕಪ್ಪು ಕಲೆ. ಮರ ಗಾಳಿಯ ತೇವವನ್ನು ಹಿಡಿದು ಉಕ್ಕಿಗೆ ಒತ್ತಿಕೊಂಡಿರುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಕಬ್ಬಿಣದ ಅಂಶ ವಾಲ್‌ನಟ್‌ನಲ್ಲಿರುವ ಒಗರಿನ ಟ್ಯಾನಿನ್ ಜೊತೆ ಸೇರಿ ಮರ ಕಪ್ಪಾಗುತ್ತದೆ. ಇನ್ನೊಂದು ಕಡೆ, ಲೋಹಕ್ಕೆ ಹಚ್ಚಿದ ಎಣ್ಣೆ ನಿಧಾನಕ್ಕೆ ಇಳಿದು ಮರದೊಳಗೆ ಹೋಗುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ. ರಿಸೀವರ್ (ನಳಿಗೆ ಮತ್ತು ಹಾರಿಸುವ ಯಂತ್ರ ಕೂರುವ ಲೋಹದ ಭಾಗ) ಹಿಂದೆ ಮರ ಸಣ್ಣಗಾಗುವ ಕತ್ತಿನ ಹತ್ತಿರ ಬಿರುಕು ಬಿಡುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಅಂದರೆ ಮರಕ್ಕೆ ಒಳ್ಳೆಯದಾಗಿ ಉಕ್ಕಿಗೆ ಕೆಟ್ಟದ್ದಾದ ಮೇಣ ಆ ಗೆರೆಯಲ್ಲಿ ನಡೆಯುವುದಿಲ್ಲ. ಉಕ್ಕಿಗೆ ಒಳ್ಳೆಯದಾಗಿ ಮರವನ್ನು ಹಾಳು ಮಾಡುವುದೂ ನಡೆಯುವುದಿಲ್ಲ. ಎರಡಕ್ಕೂ ಹೊಂದುವ ಒಂದನ್ನು ಹುಡುಕಬೇಕು.

ಕೋವಿ ಖಾಲಿ ಮಾಡಿ, ಆಮೇಲೆ ಮಿಕ್ಕಿದ್ದು

ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಅಥವಾ ಆಕ್ಷನ್ (ತೋಟಾ ತುಂಬಿ ಹಾರಿಸುವ ಯಂತ್ರಭಾಗ) ತೆರೆದು ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಒಳಗೆ ಕಣ್ಣಿಟ್ಟು ನೋಡಿ, ಬೆರಳು ಹಾಕಿಯೂ ಮುಟ್ಟಿ ನೋಡಿ. ಕೊಳವೆ ಮ್ಯಾಗಜೀನ್ ಇದ್ದರೆ ಅದರೊಳಗೂ ಒಂದು ತೋಟಾ ಉಳಿದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಹಳೆಯ ಮೂತಿಯಿಂದ ತುಂಬುವ ಕೋವಿ ಆದರೆ ಇನ್ನೂ ಹುಷಾರು. ಗೋಡೆಗೆ ತೂಗುಹಾಕಿದ ಹಳೇ ಕೋವಿಯೊಳಗೆ ಮದ್ದು ಗುಂಡು ಹಾಗೇ ಉಳಿದಿರುವುದು ಅಪರೂಪವೇನಲ್ಲ. ಅದು ಖಾಲಿಯೇ ಅನ್ನುವವರ ಮಾತು ನಂಬಿ ಬಿಡಬೇಡಿ, ತಿಳಿದ ಗನ್‌ಸ್ಮಿತ್ (ಕೋವಿ ರಿಪೇರಿ ಮಾಡುವವರು) ಕೈಲಿ ನೋಡಿಸಿ. ಇಷ್ಟಾದ ಮೇಲೇ ಡಬ್ಬಿ ತೆರೆಯುವ ಮಾತು.

ಮೇಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಎಣ್ಣೆ ಜಾರುತ್ತದೆ, ಒರೆಸಿದರೆ ಹೋಗುತ್ತದೆ, ಧೂಳು ಹಿಡಿಯುತ್ತದೆ. ಮೇಣ ಒಣಗಿ ಕೂತುಕೊಳ್ಳುತ್ತದೆ. ಕೈಯ ಬೆವರು ಮತ್ತು ಉಕ್ಕಿನ ನಡುವೆ ಒಂದು ತೆಳು ಪದರ ನಿಲ್ಲುತ್ತದೆ. ಬೆವರಿನಲ್ಲಿ ಉಪ್ಪು ಇರುತ್ತದೆ. ಬೆರಳ ಗುರುತಿನ ಆಕಾರದಲ್ಲೇ ತುಕ್ಕು ಮೂಡಿದ ನಳಿಗೆ ನೋಡಿದವರಿಗೆ ಆ ಪದರದ ಬೆಲೆ ಗೊತ್ತು. ಕೈಯಲ್ಲಿ ಹಿಡಿದು ತೋರಿಸುವ, ಆಗಾಗ ಹೊರತೆಗೆಯುವ ಕೋವಿಗೆ ಮೇಣ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಮರದ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಮೇಣ ಉಜ್ಜಿದರೆ ಮರ ತೇವ ಕುಡಿಯುವುದು ನಿಲ್ಲುತ್ತದೆ ಅಂತ. ನೀರಿನ ಹನಿಯನ್ನು ತಡೆಯುತ್ತದೆ, ನಿಜ. ಗಾಳಿಯಲ್ಲಿರುವ ಆವಿಯನ್ನು ತಡೆಯುವುದಿಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಮರದ ಹಲವು ಲೇಪಗಳನ್ನು ಆವಿಯಲ್ಲಿಟ್ಟು ಪರೀಕ್ಷೆ ಮಾಡಿದೆ. ಮರವನ್ನು ಕರಗಿದ ಪ್ಯಾರಾಫಿನ್‌ನಲ್ಲಿ, ಅಂದರೆ ಮೇಣದಬತ್ತಿಯ ಮೇಣದಲ್ಲಿ, ಅದ್ದಿ ದಪ್ಪ ಪದರ ಕೂರಿಸಿದಾಗ ಅದು ಆವಿಯನ್ನು ಬಹಳ ಚೆನ್ನಾಗಿ ತಡೆಯಿತು. ಆದರೆ ಬಟ್ಟೆಯಲ್ಲಿ ಉಜ್ಜುವ ಪೇಸ್ಟ್ ಮೇಣ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಏನೂ ತಡೆಯದ ಹಾಗಾಯಿತು. ಬರೀ ಅಗಸೆ ಎಣ್ಣೆಯ ಕಥೆಯೂ ಅದೇ. ಹಾಗಾಗಿ ಮರಕ್ಕೆ ಮೊದಲು ಸರಿಯಾದ ಫಿನಿಶ್ ಇರಬೇಕು: ಒಣಗುವ ಎಣ್ಣೆಯ ಹಲವು ಪದರ, ವಾರ್ನಿಶ್, ಯಾವುದಾದರೂ ಆಗಲಿ. ಮೇಣ ಅದರ ಮೇಲಿನ ಪದರ, ಅದರ ಬದಲಿಗೆ ಅಲ್ಲ. ಫಿನಿಶ್ ಇಲ್ಲದ ಬರೀ ಮರಕ್ಕೆ ನೇರ ಮೇಣ ಹಚ್ಚಿದರೆ ಇನ್ನೊಂದು ತೊಂದರೆ ಇದೆ. ಮುಂದೆ ಯಾವತ್ತಾದರೂ ವಾರ್ನಿಶ್ ಮಾಡಿಸಬೇಕು ಅಂದರೆ ಅದು ಹಿಡಿಯುವುದೇ ಇಲ್ಲ.

ಯಾವ್ಯಾವ ಮೇಣ ಹೇಗೆ

ಜೇನುಮೇಣ ಎಲ್ಲರಿಗೂ ಪ್ರೀತಿ. ವಾಸನೆ ಚೆನ್ನ, ಕೈಗೆ ಹಿತ, ಮರಕ್ಕೆ ಬೆಚ್ಚಗಿನ ಹೊಳಪು ಕೊಡುತ್ತದೆ. 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಒಂದರ ಹಿಂದೆ ಒಂದು ಗುಂಡು ಹಾರಿಸಿದ ನಳಿಗೆ ಆ ಬಿಸಿಯನ್ನು ಸುಲಭವಾಗಿ ದಾಟುತ್ತದೆ. ಆಗ ಮೇಣ ಕರಗಿ ಅಂಟಂಟಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಜೇನುಮೇಣದಲ್ಲಿ ಸ್ವಾಭಾವಿಕವಾಗಿಯೇ ಆಮ್ಲಗಳು ಇರುತ್ತವೆ. ಮರಕ್ಕೆ ಅದರಿಂದ ಏನೂ ಆಗುವುದಿಲ್ಲ. ಹಿತ್ತಾಳೆ ಅದನ್ನು ಸಹಿಸುವುದಿಲ್ಲ.

ಇದನ್ನು ಹತ್ತಿರದಿಂದ ನೋಡಬೇಕು ಅಂದರೆ ಹಿತ್ತಾಳೆಯ ಬಟ್ ಪ್ಲೇಟ್ (ಭುಜಕ್ಕೆ ಒತ್ತುವ ತುದಿಯ ಲೋಹದ ತಗಡು) ಇರುವ ಹಳೇ ಕೋವಿ ಹುಡುಕಿ. ಸ್ಕ್ರೂ ತಲೆಯ ಸುತ್ತ, ಪ್ಲೇಟ್ ಮರಕ್ಕೆ ತಾಗುವ ಅಂಚಿನಲ್ಲಿ, ಹಸಿರು ಕಿಲುಬು ಕಾಣುತ್ತದೆ. ಬಿದಿರು ಕಡ್ಡಿಯ ತುದಿಯಿಂದ ಕೆರೆದರೆ ಪುಡಿಯಾಗುವುದಿಲ್ಲ, ಮೆತ್ತಗೆ ಎದ್ದು ಬರುತ್ತದೆ. ಹಸಿರು ಮೇಣವೇ ಅದು. ಮೇಣದ ಮತ್ತು ಎಣ್ಣೆಯ ಆಮ್ಲ ಹಿತ್ತಾಳೆಯ ತಾಮ್ರವನ್ನು ಎಳೆದುಕೊಂಡು ಹಾಗಾಗಿದೆ. ಪ್ರೀತಿಯಿಂದ ವರ್ಷಾವರ್ಷ ಹಚ್ಚಿದ ಜೇನುಮೇಣ, ಒರೆಸಲು ಬಟ್ಟೆ ತಲುಪದ ಸಂದಿಯಲ್ಲಿ ಕೂತು ಈ ಕೆಲಸ ಮಾಡಿರುತ್ತದೆ. ನಾನು ಜೇನುಮೇಣವನ್ನು ಲೋಹದಿಂದ ದೂರ ಇಡುವುದು ಇದಕ್ಕೇ.

ಹಳೇ ಸೇನಾ ರೈಫಲ್‌ಗಳ ಮರಕ್ಕೆ ಹಚ್ಚುವ ಒಂದು ಪೇಸ್ಟ್ ಇದೆ: ಜೇನುಮೇಣ, ಕಾಯಿಸಿದ ಅಗಸೆ ಎಣ್ಣೆ, ಟರ್ಪೆಂಟೈನ್, ಮೂರೂ ಸಮ. ಎಣ್ಣೆ ಫಿನಿಶ್ ಇರುವ ಮರಕ್ಕೆ ಅದು ನಿಜಕ್ಕೂ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ಲೋಹವನ್ನು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಮಾತ್ರ. ಅಗಸೆ ಎಣ್ಣೆ ಲೋಹದ ಮೇಲೆ ಒಣಗಿ ಹಳದಿ ಜಿಗುಟಿನ ಪದರ ಆಗುತ್ತದೆ, ಆಮೇಲೆ ಅದನ್ನು ತೆಗೆಯುವುದು ದೊಡ್ಡ ಕಾಟ. ಮನೆಯಲ್ಲಿ ಮಾಡುವವರು ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಒಲೆ ಆರಿಸಿ, ಅಲ್ಲಿಂದ ದೂರ ಬಂದ ಮೇಲೆ ಟರ್ಪೆಂಟೈನ್ ಸೇರಿಸಿ.

ಕಾರ್ನೌಬಾ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಬಹಳ ಗಟ್ಟಿ, 82ರಿಂದ 86 ಡಿಗ್ರಿಗೆ ಕರಗುತ್ತದೆ, ಹೊಳಪು ಜೋರು. ಆದರೆ ಪೆಡಸು. ದಪ್ಪಗೆ ಹಚ್ಚಿದರೆ ಚೆಕರಿಂಗ್‌ನಲ್ಲಿ ಬೆಳ್ಳಗೆ ಉಳಿದು ಪುಡಿ ಉದುರುತ್ತದೆ. ಬೇರೆ ಮೇಣದ ಜೊತೆ ಸ್ವಲ್ಪ ಬೆರೆತಿದ್ದರೆ ಒಳ್ಳೆಯದು, ಒಂಟಿಯಾಗಿ ಬೇಡ. ಪ್ಯಾರಾಫಿನ್ ಆಮ್ಲ ಇಲ್ಲದ್ದು, ಆದರೆ ಅದರ ಹರಳುಗಳು ದೊಡ್ಡವು. ಪದರ ಸುಲಭವಾಗಿ ಬಿರಿಯುತ್ತದೆ, ಲೋಹಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ನಾನು ಹೇಳುವ ಒಂದು ಡಬ್ಬಿ ಮೈಕ್ರೋಕ್ರಿಸ್ಟಲೈನ್ ಮೇಣದ್ದು. ಇದೂ ಪೆಟ್ರೋಲಿಯಂನಿಂದಲೇ ಬರುತ್ತದೆ, ಆದರೆ ಹರಳುಗಳು ಬಹಳ ಸಣ್ಣವು. ಹಾಗಾಗಿ ಪದರ ಸ್ವಲ್ಪ ಬಾಗುತ್ತದೆ, ಮೇಲ್ಮೈಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೆರಳ ಗುರುತು ಕಾಣುವುದಿಲ್ಲ. ದರ್ಜೆಗೆ ತಕ್ಕಂತೆ 60ರಿಂದ 90 ಡಿಗ್ರಿವರೆಗೆ ಕರಗುವ ಬಿಸಿ ಬದಲಾಗುತ್ತದೆ, ಗಟ್ಟಿ ದರ್ಜೆಯದನ್ನೇ ಆರಿಸಿ. ಮ್ಯೂಸಿಯಂಗಳಲ್ಲಿ ಹಳೇ ಆಯುಧಗಳಿಗೆ ಹಚ್ಚುವುದು ಸಾಮಾನ್ಯವಾಗಿ ಈ ಜಾತಿಯ ಮೇಣವನ್ನೇ. ಹೆಸರುವಾಸಿಯಾದ ರೆನೇಸಾನ್ಸ್ ವ್ಯಾಕ್ಸ್ ಹುಟ್ಟಿದ್ದು 1950ರ ದಶಕದಲ್ಲಿ, ಬ್ರಿಟಿಷ್ ಮ್ಯೂಸಿಯಂನ ಸಂಶೋಧನಾ ಪ್ರಯೋಗಾಲಯದಲ್ಲಿ. ಅದಕ್ಕೂ ಮುಂಚೆ ಬಳಸುತ್ತಿದ್ದ ಜೇನುಮೇಣ, ಕಾರ್ನೌಬಾ ಬೆರಕೆಗಳು ಕಾಲಕ್ರಮೇಣ ಆಮ್ಲ ಬಿಡುತ್ತವೆ ಅನ್ನುವುದೇ ಹೊಸದನ್ನು ಹುಡುಕಲು ಕಾರಣವಾಗಿತ್ತು. ಇದೇ ಹೆಸರಿನದು ಬೇಕೆಂದಿಲ್ಲ. ಡಬ್ಬಿಯ ಮೇಲೆ ಮೈಕ್ರೋಕ್ರಿಸ್ಟಲೈನ್ ಅಂತ ಇದ್ದು, ಮುಂದೆ ಹೇಳುವ ಮೂರು ವಸ್ತು ಒಳಗೆ ಇಲ್ಲದಿದ್ದರೆ ಸಾಕು.

ಡಬ್ಬಿಯಲ್ಲಿ ಇರಬಾರದ ಮೂರು

ಒಂದು, ಉಜ್ಜಿ ಸವೆಸುವ ಪುಡಿ. ಕಾರಿನ ಪಾಲಿಶ್‌ಗಳಲ್ಲಿ, 'ಕ್ಲೀನರ್' ಅನ್ನುವ ಪದ ಸೇರಿಸಿಕೊಂಡ ಮೇಣಗಳಲ್ಲಿ ಇದು ಇರುತ್ತದೆ. ನಳಿಗೆಯ ನೀಲಿಗಪ್ಪು ಬಣ್ಣ, ಅಂದರೆ ಬ್ಲೂಯಿಂಗ್, ಉಕ್ಕಿನ ಮೇಲೆ ಬೆಳೆಸಿದ ಬಹಳ ತೆಳುವಾದ ಆಕ್ಸೈಡ್ ಪದರ. ಪುಡಿ ಇರುವ ಮೇಣ ಪ್ರತಿ ಸಲ ಅದನ್ನು ಒಂದಿಷ್ಟು ಕೊಂಡೊಯ್ಯುತ್ತದೆ. ಮೊದಲು ಹೋಗುವುದು ಅಂಚುಗಳ ಬಣ್ಣ. ಡಬ್ಬಿಯ ಮೇಲೆ ಏನೂ ಬರೆದಿಲ್ಲ ಅಂದರೆ ಹೀಗೆ ನೋಡಿ: ಗಾಜಿನ ಲೋಟದಲ್ಲಿ ಸ್ವಲ್ಪ ವೈಟ್ ಸ್ಪಿರಿಟ್ (ಪೇಂಟ್ ತೆಳು ಮಾಡುವ ದ್ರಾವಕ) ಹಾಕಿ, ಕಡಲೆಕಾಳಿನಷ್ಟು ಮೇಣ ಕಲಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಪುಡಿ ಇದ್ದರೆ ತಳಕ್ಕೆ ಕೂರುತ್ತದೆ. ಗ್ಲೌಸ್ ಹಾಕಿದ ಬೆರಳಲ್ಲಿ ಆ ತಳದ್ದನ್ನು ಗಾಜಿಗೆ ಉಜ್ಜಿದರೆ ಕರಕರ ಅನ್ನುತ್ತದೆ. ಆ ಡಬ್ಬಿ ಕೋವಿಗೆ ಬೇಡ.

ಎರಡು, ಸಿಲಿಕೋನ್. ಮರದ ಕೆಲಸದವನಾಗಿ ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಹೊಳಪಿನ ಸ್ಪ್ರೇಗಳಲ್ಲಿ, ಪೀಠೋಪಕರಣದ ಪಾಲಿಶ್‌ಗಳಲ್ಲಿ ಬೆರೆತಿರುತ್ತದೆ. ಹಚ್ಚಿದಾಗ ಚೆನ್ನಾಗಿಯೇ ಕಾಣುತ್ತದೆ. ಆದರೆ ಮರದ ರಂಧ್ರದೊಳಗೆ, ಬಿರುಕಿನೊಳಗೆ ಸೇರಿಕೊಂಡರೆ ಹೊಸ ವಾರ್ನಿಶ್ ಅಲ್ಲಿ ನಿಲ್ಲುವುದಿಲ್ಲ, ಹಚ್ಚಿದ ತಕ್ಷಣ ಸಣ್ಣ ಗುಳಿಗಳಾಗಿ ಹಿಂದೆ ಸರಿಯುತ್ತದೆ. ಬಿರುಕು ಅಂಟಿಸಲು ಹೋದರೆ ಅಂಟೂ ಹಿಡಿಯುವುದಿಲ್ಲ. ಮೇಣವನ್ನು ವೈಟ್ ಸ್ಪಿರಿಟ್‌ನಲ್ಲಿ ತೊಳೆದು ತೆಗೆಯಬಹುದು, ಸಿಲಿಕೋನ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮೂರು, ಅಮೋನಿಯಾ ಅಥವಾ ಆಮ್ಲ. ಬ್ಲೂಯಿಂಗ್ ಆಮ್ಲಕ್ಕೆ ಬೇಗ ಸೋಲುತ್ತದೆ. ವಿನಿಗರ್ ಕೂಡ ಅದನ್ನು ಎತ್ತಿಬಿಡುತ್ತದೆ. ಹಿತ್ತಾಳೆಗೆ ಅಮೋನಿಯಾ ಒಳ್ಳೆಯದಲ್ಲ.

ಬಣ್ಣ ಸೇರಿಸಿದ ಮೇಣದ ಬಗ್ಗೆಯೂ ಕೇಳುತ್ತಾರೆ. ಶೂ ಪಾಲಿಶ್ ಹಚ್ಚಿದ ಸ್ಟಾಕ್‌ಗಳು ಬಂದಿವೆ. ಬಣ್ಣ ಗೀರುಗಳಲ್ಲಿ ಇಳಿದು ಗೀರು ಇನ್ನೂ ಎದ್ದು ಕಾಣುತ್ತದೆ. ಬಣ್ಣ ಇಲ್ಲದ್ದೇ ಇರಲಿ.

ಹಚ್ಚುವ ಮೊದಲು

ತುಕ್ಕಿನ ಮೇಲೆ ಮೇಣ ಹಚ್ಚಬೇಡಿ. ತುಕ್ಕು ಕೆಳಗೆ ತೇವ ಹಿಡಿದಿಟ್ಟು ಬೆಳೆಯುತ್ತಲೇ ಇರುತ್ತದೆ, ಮೇಲಿಂದ ನಿಮಗೆ ಕಾಣುವುದೂ ಇಲ್ಲ. ಸಣ್ಣ ಕೆಂಪು ಚುಕ್ಕೆಗಳಿದ್ದರೆ ತೆಳು ಎಣ್ಣೆ ಹಾಕಿ ಒಂದಿಷ್ಟು ಹೊತ್ತು ನೆನೆಸಿ, ಆಮೇಲೆ ಕಂಚಿನ ನೂಲು ಅಥವಾ ನಾಲ್ಕು ಸೊನ್ನೆಯ (0000, ಬಹಳ ನಯವಾದ) ಸ್ಟೀಲ್ ಉಣ್ಣೆಯಿಂದ ತೂಕ ಹಾಕದೆ ಉಜ್ಜಿ. ಮೊದಲು ಒಳಗಡೆ, ಮರದಡಿ ಮುಚ್ಚುವ ಜಾಗದಲ್ಲಿ ಪ್ರಯತ್ನಿಸಿ. ಹಳೆಯ, ಬೆಲೆ ಬಾಳುವ ಕೋವಿ ಆದರೆ ಅಷ್ಟೂ ಬೇಡ. ಕಾಲದಿಂದ ಬಂದ ಕಂದು ಬಣ್ಣ ಅದರ ಬೆಲೆಯ ಒಂದು ಭಾಗ. ಅದನ್ನು ಬೆಳ್ಳಗೆ ಮಾಡಿಸಿಕೊಂಡು ಬಂದವರಿಗೆ ನಾನು ಏನೂ ಮಾಡಿಕೊಡಲು ಆಗಿಲ್ಲ.

ಎಣ್ಣೆಯ ಮೇಲೂ ಮೇಣ ನಿಲ್ಲುವುದಿಲ್ಲ, ಎರಡೂ ಕಲೆತು ಜಿಡ್ಡಾಗುತ್ತದೆ. ಲೋಹದ ಹೊರಭಾಗವನ್ನು ವೈಟ್ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಬೇಕು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದು ಸಲ ಒರೆಸಿದರೆ ಇನ್ನೂ ಒಳ್ಳೆಯದು. ಆದರೆ ಆ ಆಲ್ಕೋಹಾಲ್ ಮರಕ್ಕೆ ತಾಗಬಾರದು. ಹಳೇ ಸ್ಟಾಕ್‌ಗಳಿಗೆ ಅರಗಿನ ಪಾಲಿಶ್ ಇದ್ದರೆ ಆಲ್ಕೋಹಾಲ್ ಅದನ್ನು ಕರಗಿಸುತ್ತದೆ. ಮರಕ್ಕೆ ಮೆತ್ತನೆ ಬ್ರಶ್‌ನಿಂದ ಧೂಳು ಹೊಡೆದು, ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟರೆ ಸಾಕು. ಇಲ್ಲಿಂದ ಮುಂದೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಒರೆಸಿದ ಜಾಗಕ್ಕೆ ನಿಮ್ಮ ಬೆವರನ್ನೇ ಹಚ್ಚಿ ಅದರ ಮೇಲೆ ಮೇಣ ಮುಚ್ಚಿದ ಹಾಗಾಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಹಚ್ಚುವ ರೀತಿ

ಲೋಹವನ್ನು ಸ್ವಲ್ಪ ಬೆಚ್ಚಗೆ ಮಾಡಿ. ವೈಟ್ ಸ್ಪಿರಿಟ್ ಪೂರ್ತಿ ಆರಿದ ಮೇಲೆ ಹೇರ್ ಡ್ರೈಯರ್ ಆಡಿಸಿದರೆ ಸಾಕು, ಕೈಗೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಸಂದಿಯ ತೇವ ಹೋಗುತ್ತದೆ, ಮೇಣ ಸರಾಗವಾಗಿ ಹರಡುತ್ತದೆ.

ಹಳೇ ಹತ್ತಿ ಬಟ್ಟೆಯ ತುಂಡಿನಲ್ಲಿ ಬಟಾಣಿಯಷ್ಟು ಮೇಣ ತೆಗೆದುಕೊಂಡರೆ ನಳಿಗೆಯ ಅರ್ಧಕ್ಕೆ ಸಾಲುತ್ತದೆ. ಸುತ್ತು ಸುತ್ತಾಗಿ ತೆಳುವಾಗಿ ಹಚ್ಚಿ. ಬೆಳಕಿಗೆ ಓರೆಯಾಗಿ ಹಿಡಿದಾಗ ಮಂಜು ಹಿಡಿದ ಹಾಗೆ ಒಂದೇ ಸಮ ಮಸುಕು ಕಾಣಬೇಕು. ಗೆರೆಗೆರೆಯಾಗಿ ಬಿಳಿ ಕಂಡರೆ ಜಾಸ್ತಿ ಆಗಿದೆ. ಈ ಮೇಣದ ದ್ರಾವಕ ಬೇಗ ಆರುತ್ತದೆ, ಹಾಗಾಗಿ ಇಡೀ ಕೋವಿಗೆ ಹಚ್ಚಿ ಆಮೇಲೆ ಒರೆಸೋಣ ಅನ್ನಬೇಡಿ. ಅಂಗೈಯಗಲದ ಒಂದು ಜಾಗ ಹಚ್ಚಿ, ಅದನ್ನು ಒಣ ಬಟ್ಟೆಯಿಂದ ಹೊಳಪು ಬರುವ ತನಕ ಒರೆಸಿ, ಮುಂದಿನ ಜಾಗಕ್ಕೆ ಹೋಗಿ. ಬಿಟ್ಟು ಗಟ್ಟಿಯಾಗಿ ಹೋದರೆ ಅದೇ ಮೇಣವನ್ನು ಮತ್ತೆ ಒಂದಿಷ್ಟು ಮೇಲೆ ಹಚ್ಚಿ, ಕೆಳಗಿನದು ಕರಗುತ್ತದೆ, ತಕ್ಷಣ ಒರೆಸಿ.

ಮರಕ್ಕೆ ಎಳೆಯ ಉದ್ದಕ್ಕೆ ಹಚ್ಚಿ. ಚೆಕರಿಂಗ್ ಇರುವ ಜಾಗಕ್ಕೆ ಬಟ್ಟೆ ಬೇಡ, ಮೆತ್ತನೆ ಹಲ್ಲುಜ್ಜುವ ಬ್ರಶ್ಶಿಗೆ ಸುಮ್ನೆ ಮೇಣ ಸೋಕಿಸಿ, ಕೊರೆದ ಗೆರೆಗಳ ಎರಡೂ ದಿಕ್ಕಿಗೆ ಆಡಿಸಿ. ಇನ್ನೊಂದು ಒಣ ಬ್ರಶ್‌ನಿಂದ ಕೂಡಲೇ ತೆಗೆಯಿರಿ. ಅಲ್ಲಿ ಉಳಿದ ಮೇಣ ಒಣಗಿ ಬೆಳ್ಳಗಾದರೆ ಎಷ್ಟು ಚೆನ್ನಾಗಿ ಕೊರೆದಿದ್ದರೂ ಮಂಕಾಗಿ ಕಾಣುತ್ತದೆ. ಕೆತ್ತನೆ ಇರುವ ಲೋಹಕ್ಕೂ ಇದೇ ರೀತಿ.

ಈಗ ಆ ಗೆರೆ. ನಳಿಗೆ ಬಿಚ್ಚಲು ಬರುವವರು, ಮರದೊಳಗೆ ಕೂರುವ ಅದರ ಕೆಳಭಾಗಕ್ಕೆ ತಪ್ಪದೆ ಎರಡು ಸಲ ಹಚ್ಚಿ. ಮೊದಲ ಪದರ ಪೂರ್ತಿ ಗಟ್ಟಿಯಾಗಲು ಒಂದು ರಾತ್ರಿ ಬಿಟ್ಟು ಎರಡನೆಯದು. ಮರದ ಕಾಲುವೆಯ ಅಂಚಿಗೂ ಒಂದು ಪದರ. ಬಟ್ ಪ್ಲೇಟ್ ತೆಗೆದರೆ ಅದರ ಕೆಳಗೆ ಮರದ ಎಳೆಗಳ ಕತ್ತರಿಸಿದ ತುದಿ ಕಾಣುತ್ತದೆ. ಮರ ನೀರು ಕುಡಿಯುವ ಬಾಯಿ ಅದು. ಬಹಳ ಸಲ ಅಲ್ಲಿ ಫಿನಿಶ್ಶೇ ಇರುವುದಿಲ್ಲ. ಅಲ್ಲಿಗೆ ಮೊದಲು ವಾರ್ನಿಶ್ ಹಚ್ಚಿ ಒಣಗಿಸಿ, ಆಮೇಲೆ ಮೇಣ. ಸ್ಕ್ರೂಗಳ ದಾರಕ್ಕೂ ಒಂದು ಸೋಕು ಮೇಣ ಮುಟ್ಟಿಸಿ, ಮುಂದಿನ ಸಲ ಬಿಚ್ಚುವಾಗ ತಲೆ ಮುರಿಯುವುದಿಲ್ಲ. ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಒತ್ತಾಯ ಮಾಡಬೇಡಿ. ತಪ್ಪು ಅಳತೆಯ ಸ್ಕ್ರೂಡ್ರೈವರ್ ಮಾಡುವ ಗಾಯ ಯಾವ ಮೇಣದಲ್ಲೂ ಮುಚ್ಚುವುದಿಲ್ಲ.

ಮೇಣ ಹೋಗಬಾರದ ಜಾಗಗಳು: ನಳಿಗೆಯ ಒಳಗೆ, ಚೇಂಬರ್, ಬೋಲ್ಟ್ ಜಾರುವ ದಾರಿ, ಟ್ರಿಗರ್, ಸ್ಪ್ರಿಂಗ್, ಸೇಫ್ಟಿ, ಫೈರಿಂಗ್ ಪಿನ್. ಜರುಗುವ ಭಾಗಕ್ಕೆ ಎಣ್ಣೆ ಬೇಕು. ಮೇಣ ಅಲ್ಲಿ ಗಟ್ಟಿಯಾದರೆ ಟ್ರಿಗರ್ ಸರಿಯಾಗಿ ವಾಪಸ್ ಬಾರದೆ ಹೋಗಬಹುದು, ಸೇಫ್ಟಿ ಅರ್ಧದಲ್ಲಿ ನಿಲ್ಲಬಹುದು. ಅದು ತುಕ್ಕಿಗಿಂತ ದೊಡ್ಡ ಅಪಾಯ. ಆಕ್ಷನ್‌ಗೆ ಎಣ್ಣೆ ಹಾಕಿದ ಕೋವಿಯನ್ನು ಮೂತಿ ಕೆಳಗೆ ಮಾಡಿ ಇಟ್ಟರೆ ಎಣ್ಣೆ ಮರದ ಕಡೆ ಇಳಿಯುವುದು ತಪ್ಪುತ್ತದೆ. ಹಾಗೆ ಇಟ್ಟಿದ್ದರೆ ಹಾರಿಸುವ ಮುಂಚೆ ನಳಿಗೆಯೊಳಗೆ ಒಣ ಬಟ್ಟೆ ಎಳೆದು ಎಣ್ಣೆ ತೆಗೆಯಬೇಕು.

ಮೇಣ ಸಾಲದ ಸಂದರ್ಭ

ವರ್ಷಗಟ್ಟಲೆ ಮುಟ್ಟದೆ ಇಡುವ ಕೋವಿಗೆ, ಸಮುದ್ರದ ಉಪ್ಪು ಗಾಳಿಯಲ್ಲಿ ಓಡಾಡುವ ಕೋವಿಗೆ ನಾನು ಮೇಣವನ್ನು ನಂಬಿ ಕೂರುವುದಿಲ್ಲ. ಮೇಣದ ಪದರಕ್ಕೆ ಒಂದು ಗೀರು ಬಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಎಣ್ಣೆ ಹರಿದು ಮುಚ್ಚಿಕೊಳ್ಳುತ್ತದೆ. ಅಂಥಲ್ಲಿ ಲೋಹಕ್ಕೆ ತುಕ್ಕು ತಡೆಯುವ ಎಣ್ಣೆ ಅಥವಾ ಗ್ರೀಸ್ ಸರಿ. ಸೇನೆಗಳು ರೈಫಲ್‌ಗಳನ್ನು ದಾಸ್ತಾನಿಗೆ ಇಡುವಾಗ ಕಾಸ್ಮೋಲಿನ್ ಅನ್ನುವ ದಪ್ಪ ಕಂದು ಗ್ರೀಸ್ ಬಳಿದು ಇಡುತ್ತಿದ್ದದ್ದು ಇದಕ್ಕೇ. ಮರವನ್ನು ಬೇರ್ಪಡಿಸಿ ಇಟ್ಟರೆ ಇನ್ನೂ ಒಳ್ಳೆಯದು.

ಯಾವುದೇ ಕೋವಿಯನ್ನು ಚರ್ಮದ ಚೀಲದಲ್ಲಿ, ಸ್ಪಂಜು ಹಾಕಿದ ಪೆಟ್ಟಿಗೆಯಲ್ಲಿ ಕಾಯಂ ಇಡಬೇಡಿ. ಎರಡೂ ತೇವ ಹಿಡಿಯುತ್ತವೆ. ಕಪಾಟಿನ ತೇವಾಂಶ ಶೇಕಡಾ 45ರಿಂದ 55ರ ನಡುವೆ ಇದ್ದರೆ ಮರಕ್ಕೂ ಉಕ್ಕಿಗೂ ಹಿತ. ತೀರಾ ಒಣಗಿಸಿದರೆ ಮರ ಕುಗ್ಗಿ ಬಿರಿಯುತ್ತದೆ, ಸಿಲಿಕಾ ಜೆಲ್ ಇಟ್ಟವರು ಒಂದು ಸಣ್ಣ ತೇವಮಾಪಕವನ್ನೂ ಇಟ್ಟುಕೊಳ್ಳಿ.

ಮತ್ತೆ ಯಾವಾಗ

ನೀರಿನ ಒಂದು ಹನಿ ಬಿಟ್ಟು ನೋಡಿ. ಮುತ್ತಿನ ಹಾಗೆ ನಿಂತರೆ ಮೇಣ ಇದೆ. ಹರಡಿಕೊಂಡರೆ ಹೋಗಿದೆ. ನೋಡಿದ ಕೂಡಲೇ ಹನಿ ಒರೆಸಿ. ಮೊದಲು ಸವೆಯುವುದು ಕೈ ಹಿಡಿಯುವ ಜಾಗ, ಬೋಲ್ಟ್ ಹಿಡಿ, ಟ್ರಿಗರ್ ಗಾರ್ಡ್. ಇಡೀ ಕೋವಿಗೆ ಮತ್ತೆ ಹಚ್ಚುವ ಬದಲು ಅಲ್ಲಿಗಷ್ಟೇ ಹಚ್ಚಿದರೆ ಪದರದ ಮೇಲೆ ಪದರ ಸೇರಿ ದಪ್ಪವಾಗುವುದು ತಪ್ಪುತ್ತದೆ. ಮಳೆಯಲ್ಲಿ ನೆನೆದು ಬಂದ ಕೋವಿಗೆ ಅದೇ ದಿನ ಮೇಣ ಬೇಡ. ಬಿಚ್ಚಿ, ಒರೆಸಿ, ಸಂದಿಯ ನೀರು ಆರಲು ಒಂದೆರಡು ದಿನ ಗಾಳಿಗೆ ಬಿಡಿ. ಅಷ್ಟರವರೆಗೆ ಲೋಹಕ್ಕೆ ತೆಳು ಎಣ್ಣೆ ಇರಲಿ, ಮೇಣದ ದಿನ ಅದನ್ನು ವೈಟ್ ಸ್ಪಿರಿಟ್‌ನಿಂದ ಒರೆಸಿ ತೆಗೆಯಿರಿ.

ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಬರೀ ಮೇಣದ ಬಟ್ಟೆಯನ್ನು ಹೊರಗೆ ಹರಡಿ ದ್ರಾವಕ ಆರಲು ಬಿಟ್ಟರೆ ಆಯಿತು. ಅಗಸೆ ಎಣ್ಣೆ ಸೋಕಿದ ಬಟ್ಟೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ನೀರಿನಲ್ಲಿ ಮುಳುಗಿಸಿ, ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ಇಟ್ಟು ಆಮೇಲೆ ಬಿಸಾಡಿ.